45 ಲೀಟರ್ ಟ್ಯಾಂಕಿಗೆ 47 ಲೀಟರ್ ಪೆಟ್ರೋಲ್ ಹಿಡಿದದ್ದು ಹೇಗೆ?

ಓದುಗರ ಪ್ರಶ್ನೆ:

"ನಮ್ಮ ಕಾರಿನ ಕೈಪಿಡಿಯಲ್ಲಿ ಪೆಟ್ರೋಲ್ ಟ್ಯಾಂಕ್ 45 ಲೀಟರ್ ಎಂದು ಬರೆದಿದೆ. ಮೊನ್ನೆ ರಿಸರ್ವ್ ದೀಪ ಹತ್ತಿ ತುಂಬಾ ಹೊತ್ತಾಗಿತ್ತು. ಇನ್ನೆಷ್ಟು ಕಿ.ಮೀ. ಓಡುತ್ತದೆ ಎಂದು ತೋರಿಸುವ ಕಡೆ ಬರೀ ಅಡ್ಡಗೆರೆ ಬರುತ್ತಿತ್ತು. ಬಂಕಿಗೆ ಹೋಗಿ ಫುಲ್ ಟ್ಯಾಂಕ್ ಮಾಡಿಸಿದೆ. ಮೊದಲ ಸಲ ಆಟೋ ಕಟ್ ಆದಾಗ, ಅಂದರೆ ಪೆಟ್ರೋಲ್ ಬೀಳುವುದು ತಾನಾಗಿ ನಿಂತಾಗ, ಮೀಟರ್ 43.2 ಲೀಟರ್ ತೋರಿಸುತ್ತಿತ್ತು. ಹಿಡಿಸಿದಷ್ಟು ಹಾಕಿ ಎಂದೆ. ಬಾಯಿಯ ಹತ್ತಿರ ಪೆಟ್ರೋಲ್ ಕಾಣುವ ಹೊತ್ತಿಗೆ ಮೀಟರ್ 47.2ಕ್ಕೆ ಬಂದಿತ್ತು. 45ರ ಟ್ಯಾಂಕಿಗೆ 47 ಹಿಡಿಯಲು ಸಾಧ್ಯವೇ? ನನಗೆ ಮೋಸವಾಗಿದೆಯೇ?

ಹಿಂದಿನ ಸಲ ಫುಲ್ ಮಾಡಿಸಿದಾಗ ಕಟ್ ಆದ ಕೂಡಲೇ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿದ್ದೆ. ಅಲ್ಲಿಂದ 702 ಕಿ.ಮೀ. ಓಡಿದೆ. ಭಾಗಿಸಿದರೆ ಲೀಟರಿಗೆ 14.87. ಡ್ಯಾಶ್‌ಬೋರ್ಡ್ ಮಾತ್ರ 16.9 ಎನ್ನುತ್ತದೆ. ಫೋನಿನ ಆ್ಯಪ್‌ನಲ್ಲಿ ಅದೇ ಅಂಕಿ ಹಾಕಿದರೆ ಒಮ್ಮೆ 35, ಇನ್ನೊಮ್ಮೆ 42 ಬಂತು. ಮುಂದಿನ ತಿಂಗಳು ನಾಲ್ಕು ಜನ ಸೇರಿ 900 ಕಿ.ಮೀ. ಹೋಗಿ ಬರಬೇಕು. 600 ಕಿ.ಮೀ. ಹೆದ್ದಾರಿ, 200 ಬೆಟ್ಟದ ರಸ್ತೆ, 100 ಊರೊಳಗಿನ ಓಡಾಟ. ಎಷ್ಟು ಪೆಟ್ರೋಲ್ ಬೇಕು, ಎಲ್ಲಿ ತುಂಬಿಸಬೇಕು, ಖರ್ಚು ಹೇಗೆ ಹಂಚಿಕೊಳ್ಳಬೇಕು?"

ಉತ್ತರ:

ನೀವು ಕೇಳಿರುವುದು ನಾಲ್ಕೈದು ಪ್ರಶ್ನೆ. ಆದರೆ ಮನಸ್ಸಿನಲ್ಲಿ ಕೊರೆಯುತ್ತಿರುವುದು ಒಂದೇ: ಬಂಕಿನವರು ಮೋಸ ಮಾಡಿದರಾ? ಮೊದಲು ಅದನ್ನೇ ನೋಡೋಣ. ಮೊದಲ ಸಲ ಕಟ್ ಆದಾಗ 43.2 ಇತ್ತು ಎಂದು ನೀವು ನೋಡಿಕೊಂಡಿದ್ದೀರಿ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ನಿಮ್ಮ ಪತ್ರದ ಅರ್ಧಕ್ಕಿಂತ ಜಾಸ್ತಿ ಉತ್ತರ ಆ ಒಂದು ಅಂಕಿಯಲ್ಲೇ ಇದೆ.

45 ಲೀಟರ್ ಎಂದರೆ ಎಲ್ಲಿಯವರೆಗೆ?

ಕೈಪಿಡಿಯಲ್ಲಿ ಬರೆದ ಸಾಮರ್ಥ್ಯ ಟ್ಯಾಂಕಿನ ಕಂಠಪೂರ್ತಿ ಅಳತೆ ಅಲ್ಲ. ಸಾಮಾನ್ಯವಾಗಿ ಅದು ಇಲ್ಲಿಯವರೆಗೆ ತುಂಬಿಸಿದರೆ ಸಾಕು ಎಂದು ತಯಾರಕರು ಗೊತ್ತುಮಾಡಿದ ಮಟ್ಟ. ಅದರ ಮೇಲೆ ಬೇಕೆಂದೇ ಖಾಲಿ ಜಾಗ ಬಿಟ್ಟಿರುತ್ತಾರೆ. ಅದಕ್ಕೂ ಮೇಲೆ ಟ್ಯಾಂಕಿನಿಂದ ಮುಚ್ಚಳದವರೆಗೆ ಬರುವ ಕೊಳವೆ ಇರುತ್ತದೆ. ಇವೆರಡೂ ಸೇರಿದರೆ ಕೆಲವು ಲೀಟರ್ ಜಾಗ ಸುಲಭವಾಗಿ ಸಿಗುತ್ತದೆ.

ಖಾಲಿ ಜಾಗ ಯಾಕೆ ಬೇಕು? ಪೆಟ್ರೋಲ್ ಬಿಸಿಯಾದರೆ ಹಿಗ್ಗುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಸಾವಿರದಲ್ಲಿ ಒಂದು ಭಾಗ ಹಿಗ್ಗುತ್ತದೆ ಎಂದು ಇಟ್ಟುಕೊಳ್ಳಿ. ತಣ್ಣಗಿನ ಪೆಟ್ರೋಲ್ 45 ಲೀಟರ್ ತುಂಬಿಸಿ, ಗಾಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಿದಾಗ ಅದು 15 ಡಿಗ್ರಿ ಬಿಸಿಯಾದರೆ, ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ ಹಿಗ್ಗಿರುತ್ತದೆ. ಅದಕ್ಕೆ ಹೋಗಲು ಜಾಗ ಬೇಕಲ್ವಾ? ಅದರ ಜೊತೆ ಪೆಟ್ರೋಲ್ ಸದಾ ಆವಿಯಾಗುತ್ತಿರುತ್ತದೆ. ಆ ಆವಿಗೂ ಜಾಗ ಬೇಕು.

ಈಗ ನಿಮ್ಮ ಅಂಕಿಗಳಿಗೆ ಬರೋಣ. ಅಡ್ಡಗೆರೆ ಬಂದಿದ್ದರೂ ಕಾರು ಓಡುತ್ತಲೇ ಬಂಕಿಗೆ ಬಂದಿದೆ. ಅಂದರೆ ಟ್ಯಾಂಕಿನಲ್ಲಿ ಒಂದೆರಡು ಲೀಟರ್ ಉಳಿದಿತ್ತು. ಅದಕ್ಕೆ 43.2 ಸೇರಿಸಿದರೆ ಮೊದಲ ಕಟ್ ಆದಾಗ ಟ್ಯಾಂಕಿನಲ್ಲಿ ಇದ್ದದ್ದು 45ರ ಆಸುಪಾಸು. ಕೈಪಿಡಿ ಹೇಳುವುದೂ ಅಷ್ಟೇ. ಆಮೇಲೆ ಹೋದ 4 ಲೀಟರ್ ಆ ಖಾಲಿ ಜಾಗವನ್ನೂ ಕೊಳವೆಯನ್ನೂ ತುಂಬಿದೆ. ಹಾಗಾಗಿ ನಿಮ್ಮ ಬಿಲ್ಲಿನಲ್ಲಿ ಅಸಾಧ್ಯವಾದದ್ದು ಏನೂ ಇಲ್ಲ.

ಆದರೆ ಇಷ್ಟರಿಂದಲೇ "ಆ ಪಂಪು ಸರಿಯಾಗಿದೆ" ಎಂದೂ ಹೇಳಲಾಗದು. ಪಂಪು ಶೇಕಡಾ 2ರಷ್ಟು ಕಡಿಮೆ ಕೊಟ್ಟಿದ್ದರೆ 47 ಲೀಟರಿನಲ್ಲಿ ಸುಮಾರು 0.9 ಲೀಟರ್ ಹೋಗಿರುತ್ತದೆ. ಟ್ಯಾಂಕಿನ ಸಾಮರ್ಥ್ಯ ನೋಡಿ ಅಷ್ಟು ಸಣ್ಣ ವ್ಯತ್ಯಾಸ ಹಿಡಿಯಲು ಯಾರಿಂದಲೂ ಆಗದು. ಟ್ಯಾಂಕ್ ಅಳತೆಪಾತ್ರೆ ಅಲ್ಲ. ಅದು ಮೋಸಕ್ಕೂ ಸಾಕ್ಷಿಯಾಗದು, ಪ್ರಾಮಾಣಿಕತೆಗೂ ಆಗದು. ಪಂಪನ್ನು ಪರೀಕ್ಷಿಸುವ ದಾರಿ ಬೇರೆಯೇ ಇದೆ, ಮುಂದೆ ಹೇಳುತ್ತೇನೆ.

ಆಟೋ ಕಟ್‌ಗೆ ಟ್ಯಾಂಕಿನ ಅಳತೆ ಗೊತ್ತಿಲ್ಲ

ನಾಝಲ್ ತಾನಾಗಿ ನಿಲ್ಲುವುದನ್ನು ನೋಡಿ ಅನೇಕರು ಅದರಲ್ಲಿ ಏನೋ ಎಲೆಕ್ಟ್ರಾನಿಕ್ ಸೆನ್ಸರ್ ಇದೆ ಎಂದುಕೊಳ್ಳುತ್ತಾರೆ. ಸಾಮಾನ್ಯ ನಾಝಲ್‌ನಲ್ಲಿ ಅಂಥದ್ದೇನೂ ಇಲ್ಲ. ತುದಿಯ ಹತ್ತಿರ ಒಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಹರಿಯುವ ರಭಸಕ್ಕೆ ಆ ತೂತಿನ ಮೂಲಕ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಪೆಟ್ರೋಲ್ ಮೇಲೆ ಬಂದು ತೂತು ಮುಚ್ಚಿತು ಅಂದರೆ ಗಾಳಿ ಸಿಗುವುದಿಲ್ಲ. ಒಳಗೆ ಒತ್ತಡ ಕುಸಿಯುತ್ತದೆ, ಒಂದು ತೆಳು ಪೊರೆ ಸೆಳೆದುಕೊಂಡು ಕೊಂಡಿ ಕಳಚುತ್ತದೆ. ಅಷ್ಟೇ.

ಹಾಗಾಗಿ ಯಾವಾಗ ಕಟ್ ಆಗುತ್ತದೆ ಎನ್ನುವುದು ಹಲವು ಸಂಗತಿಗಳ ಮೇಲೆ ನಿಂತಿದೆ. ಎಷ್ಟು ರಭಸದಲ್ಲಿ ಹಾಕಿದರು, ನಾಝಲ್ ಎಷ್ಟು ಒಳಗೆ ಇತ್ತು, ಯಾವ ಕೋನದಲ್ಲಿ ಇತ್ತು, ಕಾರು ನಿಂತ ನೆಲ ಯಾವ ಕಡೆ ವಾಲಿತ್ತು, ನೊರೆ ಎಷ್ಟು ಎದ್ದಿತು. ಡೀಸೆಲ್‌ನಲ್ಲಿ ನೊರೆ ಜಾಸ್ತಿ, ಅದಕ್ಕೇ ಡೀಸೆಲ್ ಗಾಡಿಗಳಲ್ಲಿ ಕೆಲವೊಮ್ಮೆ ತುಂಬಾ ಬೇಗ ಕಟ್ ಆಗುತ್ತದೆ. ಒಂದೇ ಕಾರು, ಒಂದೇ ಬಂಕು, ಎರಡು ದಿನ: ಮಟ್ಟದಲ್ಲಿ ಒಂದು ಲೀಟರ್ ವ್ಯತ್ಯಾಸ ಬಂದರೆ ಆಶ್ಚರ್ಯಪಡಬೇಡಿ. ಈ ಒಂದು ಲೀಟರ್ ನೆನಪಿರಲಿ, ಮೈಲೇಜ್ ಲೆಕ್ಕದಲ್ಲಿ ಮತ್ತೆ ಬರುತ್ತದೆ.

ಕಟ್ ಆದ ಮೇಲೆ ಬಾಯಿಯವರೆಗೆ ತುಂಬಿಸುವುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಇದನ್ನು ನಾನು ವರ್ಕ್‌ಶಾಪಿನಲ್ಲಿ ನೋಡಿದ ಅನುಭವದಿಂದಲೇ ಹೇಳುತ್ತಿದ್ದೇನೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಟ್ಯಾಂಕಿನ ಆವಿ ನೇರವಾಗಿ ಹೊರಗೆ ಹೋಗುವುದಿಲ್ಲ. ಇದ್ದಿಲು ತುಂಬಿದ ಒಂದು ಡಬ್ಬಿ ಅದನ್ನು ಹೀರಿಟ್ಟುಕೊಂಡು, ಎಂಜಿನ್ ಓಡುವಾಗ ಸುಡಲು ಕಳಿಸುತ್ತದೆ. ಅದು ಆವಿಗೆ ಮಾಡಿದ ಡಬ್ಬಿ. ದ್ರವ ಪೆಟ್ರೋಲ್ ಅದರೊಳಗೆ ಹೋದರೆ ಇದ್ದಿಲು ಹಾಳಾಗುತ್ತದೆ. ಫುಲ್ ಟ್ಯಾಂಕ್ ಮಾಡಿಸಿದ ಮೇಲೆ ಸ್ಟಾರ್ಟ್ ಆಗಲು ತಡವಾಗುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ, ಎಂಜಿನ್ ದೀಪ ಹತ್ತುತ್ತದೆ ಎಂದು ಬರುವವರನ್ನು ನಾನು ಮೊದಲು ಕೇಳುವುದೇ "ಕಟ್ ಆದ ಮೇಲೂ ಹಾಕಿಸುತ್ತೀರಾ?" ಎಂದು. ಹೌದು ಎನ್ನುವವರೇ ಜಾಸ್ತಿ. ನಾಲ್ಕು ಲೀಟರ್ ಹೆಚ್ಚಿಗೆ ಹಿಡಿಸಿ ಉಳಿಯುವುದು ಬಂಕಿಗೆ ಹೋಗುವ ಒಂದು ಸಣ್ಣ ಓಡಾಟದ ಭಾಗ ಮಾತ್ರ. ಆ ಡಬ್ಬಿ ಬದಲಾಯಿಸುವ ಖರ್ಚು ಅದಕ್ಕೆ ಯಾವ ರೀತಿಯಲ್ಲೂ ಸಮ ಅಲ್ಲ.

14.87 ಯಾಕೆ ತಪ್ಪು

ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಲೆಕ್ಕ ಹಾಕುವ ನಿಮ್ಮ ವಿಧಾನ ಸರಿ. ಇದಕ್ಕಿಂತ ಒಳ್ಳೆಯ ವಿಧಾನ ಮನೆಯಲ್ಲಿ ಮಾಡಲು ಸಿಗದು. ಆದರೆ ಅದು ಒಂದು ಷರತ್ತಿನ ಮೇಲೆ ನಿಂತಿದೆ: ಎರಡೂ ಸಲದ "ಫುಲ್" ಒಂದೇ ಮಟ್ಟ ಆಗಿರಬೇಕು. ನೀವು ಹಿಂದಿನ ಸಲ ಕಟ್ ಆದ ಕೂಡಲೇ ನಿಲ್ಲಿಸಿದ್ದಿರಿ. ಈ ಸಲ ಬಾಯಿಯವರೆಗೆ ತುಂಬಿಸಿದಿರಿ. ಆ ಕೊನೆಯ 4 ಲೀಟರ್ 702 ಕಿ.ಮೀ.ನಲ್ಲಿ ಸುಟ್ಟ ಪೆಟ್ರೋಲ್ ಅಲ್ಲ. ಅದು ಇನ್ನೂ ನಿಮ್ಮ ಟ್ಯಾಂಕಿನಲ್ಲೇ ಇದೆ.

ಹಾಗಾಗಿ ಸರಿಯಾದ ಭಾಗಾಕಾರ 702 ÷ 43.2. ಬರುವುದು 16.25. ಡ್ಯಾಶ್‌ಬೋರ್ಡ್ ಹೇಳುವುದು 16.9. ಎರಡರ ಅಂತರ ಶೇಕಡಾ 4. ಇದು ಗಾಬರಿಪಡುವಂಥದ್ದಲ್ಲ.

ಇದರ ಇನ್ನೊಂದು ಮುಖವನ್ನೂ ಈಗಲೇ ತಿಳಿದುಕೊಳ್ಳಿ. ಮುಂದಿನ ಸಲ ನೀವು 500 ಕಿ.ಮೀ. ಓಡಿಸಿ, ಬೇರೆ ಬಂಕಿಗೆ ಹೋಗಿ, ಮೊದಲ ಕಟ್‌ಗೇ ನಿಲ್ಲಿಸಿದಿರಿ ಎಂದುಕೊಳ್ಳಿ. ಕಾರು ಸುಟ್ಟದ್ದು 30.8 ಲೀಟರ್. ಆದರೆ ಹಿಂದಿನ ಸಲದ 4 ಲೀಟರ್ ಒಳಗೇ ಇತ್ತು, ಹಾಗಾಗಿ ಪಂಪು ಹಾಕುವುದು 26.8 ಮಾತ್ರ. ಭಾಗಿಸಿದರೆ ಲೀಟರಿಗೆ 18.7! ಒಂದು ವಾರದಲ್ಲಿ ಮೈಲೇಜ್ 14.87ರಿಂದ 18.7ಕ್ಕೆ ಏರಿತು. ಕಾರು ಅದೇ, ಓಡಿಸಿದವರೂ ನೀವೇ. ಇಂಥ ಸಮಯದಲ್ಲೇ "ಆ ಬಂಕಿನ ಪೆಟ್ರೋಲ್ ಸರಿಯಿಲ್ಲ, ಈ ಬಂಕಿನದು ಒಳ್ಳೆಯದು" ಎಂಬ ಮಾತು ಹುಟ್ಟುವುದು. ಹೀಗೆ ಹುಟ್ಟಿದ ಅನುಮಾನವನ್ನು ವರ್ಷಗಟ್ಟಲೆ ಹೊತ್ತುಕೊಂಡು ತಿರುಗುವವರನ್ನು ಕಂಡಿದ್ದೇನೆ. ದೂರದ ಬಂಕಿಗೆ ಹೋಗಿ ಬರಲು ಅವರು ಸುಡುವ ಪೆಟ್ರೋಲ್ ನೆನೆದರೆ ಬೇಸರವಾಗುತ್ತದೆ.

ಇನ್ನೂ ಒಂದು ಸಂಗತಿ ಅನೇಕರಿಗೆ ತಿರುವುಮುರುವಾಗುತ್ತದೆ. ಎರಡು ಫುಲ್ ಟ್ಯಾಂಕ್‌ಗಳ ನಡುವಿನ ಲೆಕ್ಕದಲ್ಲಿ ಮೊದಲ ಸಲ ಎಷ್ಟು ಲೀಟರ್ ಹಾಕಿಸಿದಿರಿ ಎನ್ನುವುದಕ್ಕೆ ಬೆಲೆಯೇ ಇಲ್ಲ. ಅದು ಬರೀ ಗುರುತು ಹಾಕಿದ ಹಾಗೆ. ನಡುವೆ ಓಡಿದ ದೂರಕ್ಕೆ ಸುಟ್ಟದ್ದೆಷ್ಟು ಎಂದು ಹೇಳುವುದು ಎರಡನೇ ಸಲದ ಲೀಟರ್. ಆದ್ದರಿಂದ ಒಂದು ಬಂಕಿನ ಮೀಟರ್ ಮೇಲೆ ಅನುಮಾನವಿದ್ದರೆ, ಅಲ್ಲಿ ತುಂಬಿಸಿದ ನಂತರದ ಓಟವನ್ನು ನೋಡಿ ಪ್ರಯೋಜನವಿಲ್ಲ. ಅಲ್ಲಿಗೆ ಬಂದು ತುಂಬಿಸುವುದಕ್ಕೆ ಮುಂಚಿನ ಓಟವನ್ನು ನೋಡಬೇಕು. ಮೀಟರ್ ಜಾಸ್ತಿ ತೋರಿಸಿದರೆ ಆ ಓಟದ ಮೈಲೇಜ್ ಕಡಿಮೆ ಕಾಣುತ್ತದೆ.

ಆ ಒಂದು ಲೀಟರಿನ ವ್ಯತ್ಯಾಸ ನೆನಪಿದೆಯಾ? 10 ಲೀಟರ್ ಹಾಕಿಸಿ ಮೈಲೇಜ್ ನೋಡಿದರೆ ಅದು ಶೇಕಡಾ 10ರ ತಪ್ಪು. 40 ಲೀಟರಿಗೆ ಶೇಕಡಾ 2.5. ಐದಾರು ಸಲ ತುಂಬಿಸಿದ್ದನ್ನು ಒಟ್ಟಿಗೆ ಕೂಡಿಸಿ, 200 ಲೀಟರಿಗೆ ಲೆಕ್ಕ ಹಾಕಿದರೆ ಅರ್ಧ ಪರ್ಸೆಂಟ್. ಯಾಕೆಂದರೆ ಮಟ್ಟದ ತಪ್ಪು ಒಂದರ ಮೇಲೊಂದು ಸೇರುವುದಿಲ್ಲ. ಮೊದಲ ಫುಲ್ ಮತ್ತು ಕೊನೆಯ ಫುಲ್ ಎರಡರದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ನಡುವೆ ಅರ್ಧ ಟ್ಯಾಂಕ್, ಕಾಲು ಟ್ಯಾಂಕ್ ಹಾಕಿಸಿದರೂ ಅಡ್ಡಿಯಿಲ್ಲ, ಲೀಟರ್ ಬರೆದಿಟ್ಟುಕೊಂಡರೆ ಸಾಕು. ಒಂದು ಸಲದ ಮೈಲೇಜ್ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಡ್ಯಾಶ್‌ಬೋರ್ಡ್ ಲೆಕ್ಕ ಎಲ್ಲಿಂದ ಬರುತ್ತದೆ ಎಂದೂ ಹೇಳಿಬಿಡುತ್ತೇನೆ. ಅದು ಟ್ಯಾಂಕನ್ನು ಅಳೆಯುವುದಿಲ್ಲ. ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎನ್ನುವುದರಿಂದ ಎಷ್ಟು ಪೆಟ್ರೋಲ್ ಹೋಗಿರಬಹುದು ಎಂದು ಅಂದಾಜು ಮಾಡುತ್ತದೆ. ಸಾಮಾನ್ಯವಾಗಿ ಕೆಲವು ಪರ್ಸೆಂಟ್ ಜಾಸ್ತಿ ಮೈಲೇಜ್ ತೋರಿಸುವ ಕಡೆಗೇ ವಾಲಿರುತ್ತದೆ. ನಿಮ್ಮ ಕಾರಿನದು ಶೇಕಡಾ 4 ಜಾಸ್ತಿ ಎಂದು ಗೊತ್ತಾದ ಮೇಲೆ ಅದು ಉಪಯೋಗದ ಯಂತ್ರವೇ. ಹೋದ ವಾರಕ್ಕಿಂತ ಈ ವಾರ ಹೇಗೆ ಎಂದು ಹೋಲಿಸಲು ಬಳಸಿ. ಹಣದ ಲೆಕ್ಕಕ್ಕೆ ಬೇಡ.

ಭಾಜ್ಯದ ಕಡೆಯೂ, ಅಂದರೆ ಓಡಿದ ದೂರದಲ್ಲೂ, ಸ್ವಲ್ಪ ತಪ್ಪು ಇರುತ್ತದೆ. ಓಡೋಮೀಟರ್ ಎಣಿಸುವುದು ಚಕ್ರ ಎಷ್ಟು ಸುತ್ತು ಸುತ್ತಿತು ಎಂದು. ಹೊಸ ಟೈರಿನ ಅಚ್ಚು 8 ಮಿ.ಮೀ. ಆಳ ಇದ್ದು, ಸವೆದು 2 ಮಿ.ಮೀ.ಗೆ ಬಂದರೆ ಚಕ್ರದ ತ್ರಿಜ್ಯ 6 ಮಿ.ಮೀ. ಕಡಿಮೆ. 300 ಮಿ.ಮೀ. ತ್ರಿಜ್ಯದ ಚಕ್ರಕ್ಕೆ ಇದು ಶೇಕಡಾ 2. ಅಂದರೆ ಸವೆದ ಟೈರಿನಲ್ಲಿ ದೂರವೂ ಮೈಲೇಜೂ ನಿಜಕ್ಕಿಂತ ಸ್ವಲ್ಪ ಜಾಸ್ತಿ ಕಾಣುತ್ತದೆ. ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದುಹೋಯಿತು ಎನ್ನುವವರಲ್ಲಿ ಕೆಲವರದ್ದು ಇದೇ ಕಥೆ.

ಪಂಪಿನ ಅಳತೆ ಪರೀಕ್ಷಿಸುವುದು

ಅನುಮಾನ ಹೋಗಲೇಬೇಕು ಅಂದರೆ ಒಂದೇ ದಾರಿ: ಮುದ್ರೆ ಹಾಕಿದ ಅಳತೆಪಾತ್ರೆ. ಅನೇಕ ಕಡೆ ಬಂಕಿನಲ್ಲೇ 5 ಲೀಟರಿನ ಇಂಥ ಪಾತ್ರೆ ಇಟ್ಟಿರುತ್ತಾರೆ. ಅದಕ್ಕೆ 5 ಲೀಟರ್ ಹಾಕಿಸಿ ಕತ್ತಿನ ಗೆರೆ ನೋಡುವುದು. ಪ್ಲಾಸ್ಟಿಕ್ ಕ್ಯಾನಿನ ಮೇಲಿನ ಗುರುತು ನಂಬಬೇಡಿ, ಅದು ಅಳತೆಗೆ ಮಾಡಿದ್ದಲ್ಲ. ನೀರಿನ ಬಾಟಲಿಗೆ ಪೆಟ್ರೋಲ್ ಹಾಕಿಸಿ ನೋಡುವುದಂತೂ ಬೇಡವೇ ಬೇಡ, ಅದು ಬೆಂಕಿಯ ಜೊತೆ ಆಟ.

ಯಾವ ಪಂಪೂ ಹನಿಯಷ್ಟೂ ತಪ್ಪಿಲ್ಲದೆ ಕೊಡುವುದಿಲ್ಲ. ಕಾನೂನು ಅಳತೆಗಳಿಗೆ ಮಾದರಿ ನಿಯಮ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಓಐಎಂಎಲ್ ಇಂಧನ ಪಂಪುಗಳಿಗೆ ಒಪ್ಪುವ ಗರಿಷ್ಠ ತಪ್ಪು ಶೇಕಡಾ 0.5. 5 ಲೀಟರಿಗೆ 25 ಮಿ.ಲೀ., ನಿಮ್ಮ 43.2 ಲೀಟರಿಗೆ ಸುಮಾರು 216 ಮಿ.ಲೀ. ಇಷ್ಟರೊಳಗೆ ಜಾಸ್ತಿಯೂ ಇರಬಹುದು, ಕಡಿಮೆಯೂ ಇರಬಹುದು. ಇದನ್ನು ಮೀರಿ ಕಡಿಮೆ ಬಂದರೆ ದೂರು ಕೊಡಲು ನಿಮಗೆ ಗಟ್ಟಿ ಆಧಾರ ಸಿಕ್ಕಂತೆ. ರಸೀದಿ, ಸಮಯ, ಯಾವ ಪಂಪು, ಯಾವ ನಾಝಲ್ ಎನ್ನುವುದನ್ನು ಬರೆದಿಟ್ಟುಕೊಂಡು ಅಳತೆ ಮತ್ತು ತೂಕ ನೋಡಿಕೊಳ್ಳುವ ಇಲಾಖೆಗೆ ಕೊಡಿ. ದಿನನಿತ್ಯಕ್ಕೆ ಮೀಟರ್ ಸೊನ್ನೆಯಿಂದ ಶುರುವಾಯಿತಾ ಎಂದು ನೋಡಿಕೊಂಡರೆ ಸಾಕು.

ಬೆಳಿಗ್ಗೆ ತಣ್ಣಗಿರುವಾಗ ಹಾಕಿಸಿದರೆ ಜಾಸ್ತಿ ಸಿಗುತ್ತದೆ ಎನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಪೆಟ್ರೋಲ್ ಇರುವುದು ನೆಲದಡಿಯ ದೊಡ್ಡ ಟ್ಯಾಂಕಿನಲ್ಲಿ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅದರ ಬಿಸಿ ಹೆಚ್ಚೇನೂ ಬದಲಾಗುವುದಿಲ್ಲ. ಇಡೀ 5 ಡಿಗ್ರಿ ಬದಲಾಯಿತು ಎಂದುಕೊಂಡರೂ ವ್ಯತ್ಯಾಸ ಅರ್ಧ ಪರ್ಸೆಂಟ್. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಅರ್ಧ ಟ್ಯಾಂಕ್ ಇಟ್ಟುಕೊಂಡು ಓಡಿಸಿದರೆ ಭಾರ ಉಳಿದು ಮೈಲೇಜ್ ಏರುತ್ತದೆ ಎನ್ನುವುದೂ ಹಾಗೆಯೇ. ಒಂದು ಲೀಟರ್ ಪೆಟ್ರೋಲ್ ತೂಗುವುದು ಮುಕ್ಕಾಲು ಕಿಲೋ. ಅರ್ಧ ಟ್ಯಾಂಕ್ ಅಂದರೆ 17 ಕಿಲೋ. ಅಷ್ಟು ಭಾರ ಇಳಿಸಿದರೆ ಸಿಗುವ ಲಾಭವನ್ನು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಹುಡುಕಿದರೂ ಕಾಣದು.

ಮುಳ್ಳು ಮತ್ತು ರಿಸರ್ವ್

ಟ್ಯಾಂಕಿನೊಳಗೆ ಒಂದು ತೇಲುವ ಬೆಂಡು ಇರುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಆ ಬೆಂಡಿನ ಎತ್ತರವನ್ನು. ಎತ್ತರ ಅರ್ಧ ಅಂದರೆ ಪೆಟ್ರೋಲ್ ಅರ್ಧ ಎಂದೇನೂ ಅಲ್ಲ. ಅಡ್ಡ ಮಲಗಿಸಿದ ಉರುಟು ಡ್ರಮ್ ತೆಗೆದುಕೊಳ್ಳಿ: ಕಾಲು ಭಾಗ ಎತ್ತರಕ್ಕೆ ತುಂಬಿದ್ದರೆ ಒಳಗಿರುವುದು ಶೇಕಡಾ 25 ಅಲ್ಲ, ಶೇಕಡಾ 19.6 ಮಾತ್ರ. ಕಾರಿನ ಟ್ಯಾಂಕು ಸೀಟಿನ ಕೆಳಗೆ, ಪೈಪುಗಳ ನಡುವೆ ಸಿಕ್ಕ ಜಾಗದಲ್ಲಿ ಕೂರಿಸಿದ ಅಂಕುಡೊಂಕು ಪೆಟ್ಟಿಗೆ. ಕೆಲವು ಕಾರುಗಳಲ್ಲಿ ಈ ಸೊಟ್ಟನ್ನು ಎಲೆಕ್ಟ್ರಾನಿಕ್ಸ್ ಸರಿಮಾಡುತ್ತದೆ, ಪೂರ್ತಿ ಅಲ್ಲ. ಮೇಲಿನ ಅರ್ಧ ನಿಧಾನಕ್ಕೆ ಇಳಿದು ಕೆಳಗಿನ ಅರ್ಧ ಬೇಗ ಇಳಿಯುವ ಹಾಗೆ ಕಾಣುವುದು ಇದರಿಂದಲೇ.

ಅಡ್ಡಗೆರೆ ಬರುವವರೆಗೂ ಓಡಿಸುವ ಅಭ್ಯಾಸ ಒಳ್ಳೆಯದಲ್ಲ. ಎಂಜಿನ್‌ಗೆ ಪೆಟ್ರೋಲ್ ಕಳಿಸುವ ಪಂಪಿನ ಮೋಟಾರು ಕಾರಿನ ಟ್ಯಾಂಕಿನೊಳಗೇ ಇರುತ್ತದೆ. ಅದನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ. ಮಟ್ಟ ತೀರಾ ಇಳಿದರೆ, ತಿರುವಿನಲ್ಲಿ ಅದು ಗಾಳಿ ಎಳೆದುಕೊಳ್ಳುತ್ತದೆ, ಬಿಸಿಯಾಗುತ್ತದೆ. ದೀಪ ಹತ್ತಿದರೆ ಮುಂದಿನ ಬಂಕಿನಲ್ಲಿ ನಿಲ್ಲಿಸಿ.

ಆ್ಯಪ್ ಹೇಳಿದ 35 ಮತ್ತು 42

ಎರಡೂ ಸರಿ, ಎರಡೂ ನಿಮ್ಮ 14.87 ಅನ್ನೇ ಬೇರೆ ಅಳತೆಯಲ್ಲಿ ಹೇಳುತ್ತಿವೆ. ಅದು ಗ್ಯಾಲನ್‌ಗೆ ಎಷ್ಟು ಮೈಲಿ ಎನ್ನುವ ಲೆಕ್ಕ. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟಿಷ್ ಗ್ಯಾಲನ್ 4.546 ಲೀಟರ್. ಮೈಲಿ ಅಂದರೆ 1.609 ಕಿ.ಮೀ. ಲೀಟರಿಗೆ ಇಷ್ಟು ಕಿ.ಮೀ. ಎನ್ನುವುದನ್ನು 2.352ರಿಂದ ಗುಣಿಸಿದರೆ ಅಮೆರಿಕದ ಲೆಕ್ಕ, 2.825ರಿಂದ ಗುಣಿಸಿದರೆ ಬ್ರಿಟಿಷ್ ಲೆಕ್ಕ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಲೀಟರ್, ಕಿ.ಮೀ. ಆರಿಸಿಕೊಳ್ಳಿ.

ಅಳತೆಯ ಈ ಗೊಂದಲವನ್ನು ಹಗುರವಾಗಿ ನೋಡಬೇಡಿ. 1983ರ ಜುಲೈ 23ರಂದು ಏರ್ ಕೆನಡಾದ ಒಂದು ಬೋಯಿಂಗ್ 767 ವಿಮಾನದಲ್ಲಿ ಆಕಾಶದ ಮಧ್ಯೆ ಇಂಧನ ಮುಗಿದುಹೋಯಿತು. ಬೇಕಾಗಿದ್ದದ್ದು 22,300 ಕಿಲೋ. ಇಂಧನದ ಗೇಜ್ ಕೆಲಸ ಮಾಡುತ್ತಿರಲಿಲ್ಲ, ಕೈಲೆಕ್ಕ ಹಾಕಿದರು. ಲೀಟರಿಗೆ 0.8 ಕಿಲೋ ಎಂದು ಹಿಡಿಯಬೇಕಾದ ಕಡೆ 1.77 ಎಂದು ಹಿಡಿದರು. ಅದು ಲೀಟರಿಗೆ ಇಷ್ಟು ಪೌಂಡ್ ಎನ್ನುವ ಅಂಕಿ. ಹಾಗಾಗಿ ತುಂಬಿದ್ದು ಬೇಕಾದದ್ದರ ಅರ್ಧವೂ ಆಗಲಿಲ್ಲ. ಪೈಲಟ್‌ಗಳು ಎಂಜಿನ್ ಇಲ್ಲದೆಯೇ ವಿಮಾನವನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಎಲ್ಲರೂ ಬದುಕಿದರು. ಪರಿಮಾಣ ಒಂದು ಅಳತೆ, ತೂಕ ಇನ್ನೊಂದು. ನಡುವಿನ ಸಾಂದ್ರತೆಯ ಅಂಕಿ ತಪ್ಪಿದರೆ ಉಳಿದ ಗಣಿತ ಎಷ್ಟು ಸರಿ ಇದ್ದೂ ಪ್ರಯೋಜನವಿಲ್ಲ.

ನಿಮ್ಮ 900 ಕಿ.ಮೀ.

ಪ್ರವಾಸದ ಲೆಕ್ಕ ಹಾಕುವಾಗ ಲೀಟರಿಗೆ ಎಷ್ಟು ಕಿ.ಮೀ. ಎಂದು ಯೋಚಿಸುವುದನ್ನು ಬಿಟ್ಟು, 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಯೋಚಿಸಿ. ಇದು ಸುಮ್ನೆ ಹೇಳುತ್ತಿರುವ ಮಾತಲ್ಲ. ಮೈಲೇಜ್ ಅಂಕಿಗಳನ್ನು ಹಾಗೇ ಸರಾಸರಿ ಮಾಡಿದರೆ ಉತ್ತರ ತಪ್ಪುತ್ತದೆ. 100 ಕಿ.ಮೀ. ಹೋಗುವಾಗ ಲೀಟರಿಗೆ 20, ಬರುವಾಗ ಏರು ಹತ್ತಿ 10 ಬಂದರೆ ಸರಾಸರಿ 15 ಅಲ್ಲ. ಹೋಗಲು 5 ಲೀಟರ್, ಬರಲು 10 ಲೀಟರ್, ಒಟ್ಟು 15 ಲೀಟರಿಗೆ 200 ಕಿ.ಮೀ. ಅಂದರೆ 13.3. ಲೀಟರುಗಳನ್ನು ಕೂಡಿಸಬಹುದು, ಮೈಲೇಜ್ ಕೂಡಿಸುವ ವಸ್ತು ಅಲ್ಲ.

ಇದೇ ಕಾರಣಕ್ಕೆ ಮೈಲೇಜ್ ಅಂಕಿ ನಮ್ಮ ಅಂದಾಜನ್ನೂ ದಾರಿತಪ್ಪಿಸುತ್ತದೆ. ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ ಎಂಬ ಇಬ್ಬರು ಸಂಶೋಧಕರು 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನು ತೋರಿಸಿಕೊಟ್ಟರು. ನಮ್ಮ ಅಳತೆಯಲ್ಲಿ ಹೇಳುವುದಾದರೆ, 20 ಕೊಡುವ ಕಾರು ಬಿಟ್ಟು 25 ಕೊಡುವುದನ್ನು ಕೊಂಡರೆ 100 ಕಿ.ಮೀ.ಗೆ 1 ಲೀಟರ್ ಉಳಿಯುತ್ತದೆ. 10 ಕೊಡುವುದನ್ನು ಬಿಟ್ಟು 12 ಕೊಡುವುದಕ್ಕೆ ಬಂದರೆ 1.67 ಲೀಟರ್ ಉಳಿಯುತ್ತದೆ. ನೋಡಲು ಮೊದಲನೆಯದೇ ದೊಡ್ಡದು ಅನಿಸುತ್ತದೆ ಅಲ್ವಾ?

ನಿಮ್ಮ ಕಾರಿನ ನಿಜವಾದ ಸರಾಸರಿ 16.25. ಮೂರೂ ಬಗೆಯ ರಸ್ತೆಗೆ ನಾನು ಹೀಗೆ ಹಿಡಿಯುತ್ತೇನೆ: ಹೆದ್ದಾರಿಯಲ್ಲಿ 18, ಬೆಟ್ಟದಲ್ಲಿ 12, ಊರೊಳಗೆ 11. ನಿಮ್ಮ ಅನುಭವ ಬೇರೆ ಇದ್ದರೆ ಅಂಕಿ ಬದಲಿಸಿಕೊಳ್ಳಿ. 600 ÷ 18 ಅಂದರೆ 33.3 ಲೀಟರ್. 200 ÷ 12 ಅಂದರೆ 16.7. 100 ÷ 11 ಅಂದರೆ 9.1. ಒಟ್ಟು 59.1 ಲೀಟರ್. ಇದಕ್ಕೆ ಶೇಕಡಾ 10 ಸೇರಿಸಿ 65 ಲೀಟರ್ ಎಂದು ಇಟ್ಟುಕೊಳ್ಳಿ. ಆ ಶೇಕಡಾ 10 ಕಾರಣವಿಲ್ಲದೆ ಸೇರಿಸಿದ್ದಲ್ಲ. ನಾಲ್ಕು ಜನ, ಅವರ ಬ್ಯಾಗು ಎಲ್ಲ ಸೇರಿ ಭಾರ ಏರುತ್ತದೆ. ಅಮೆರಿಕದ ಇಂಧನ ಇಲಾಖೆ 45 ಕಿಲೋ ಭಾರಕ್ಕೆ ಸುಮಾರು ಶೇಕಡಾ 1 ಮೈಲೇಜ್ ಇಳಿಯುತ್ತದೆ ಎನ್ನುತ್ತದೆ. ನೀವು ಒಬ್ಬರೇ ಓಡಿಸಿದ ಲೆಕ್ಕಕ್ಕೆ ಮೂರು ಜನ ಸೇರಿದರೆ ಶೇಕಡಾ 4, 5 ಅಲ್ಲೇ ಹೋಯಿತು. ಟ್ರಾಫಿಕ್ಕಿನಲ್ಲಿ ನಿಂತರೆ ಸಣ್ಣ ಎಂಜಿನ್ ಕೂಡ ಗಂಟೆಗೆ ಅರ್ಧದಿಂದ ಒಂದು ಲೀಟರ್ ಸುಡುತ್ತದೆ.

ಹೆದ್ದಾರಿಯ 18 ನಿಮ್ಮ ವೇಗದ ಮೇಲೆ ನಿಂತಿದೆ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಿಂದ 100ಕ್ಕೆ ಏರಿದರೆ ವೇಗ ಏರಿದ್ದು ಕಾಲು ಭಾಗ, ಗಾಳಿಯ ತಡೆ ಏರಿದ್ದು ಶೇಕಡಾ 56. ಪೆಟ್ರೋಲ್ ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ಬೇರೆ ತಡೆಗಳೂ ಇವೆ. ಆದರೂ ಈ ಪ್ರವಾಸದಲ್ಲಿ ಪೆಟ್ರೋಲ್ ಉಳಿಸಲು ನಿಮ್ಮ ಕೈಯಲ್ಲಿರುವ ದೊಡ್ಡ ಉಪಾಯ ಇದೇ. ಹೊರಡುವ ಮುನ್ನ ಟೈರಿನ ಗಾಳಿಯನ್ನು ಪೂರ್ತಿ ಲೋಡಿಗೆ ಹೇಳಿದಷ್ಟು ಹಾಕಿಸಿ.

ಎಲ್ಲಿ ತುಂಬಿಸಬೇಕು? 45 ಪೂರ್ತಿ ನಿಮ್ಮದು ಎಂದುಕೊಳ್ಳಬೇಡಿ. ತಳದ 7 ಲೀಟರ್ ಇಲ್ಲವೆಂದೇ ತಿಳಿಯಿರಿ. ಉಳಿದ 38 ಲೀಟರಿಗೆ ಹೆದ್ದಾರಿಯಲ್ಲಿ 680 ಕಿ.ಮೀ. ಹೋಗಬಹುದು, ಬೆಟ್ಟದಲ್ಲಿ 456 ಮಾತ್ರ. ನನ್ನ ಸಲಹೆ, ದೂರ ನೋಡಿ ತುಂಬಿಸಬೇಡಿ, ರಸ್ತೆ ನೋಡಿ ತುಂಬಿಸಿ. ಬೆಟ್ಟ ಹತ್ತುವ ಮೊದಲು ಸಿಗುವ ದೊಡ್ಡ ಊರಿನಲ್ಲಿ, ಮುಳ್ಳು ಅರ್ಧದಲ್ಲಿ ಇದ್ದರೂ, ಒಮ್ಮೆ ಫುಲ್ ಮಾಡಿಸಿ. ಅಲ್ಲಿ ಮೊದಲ ಕಟ್‌ಗೆ ನಿಲ್ಲಿಸಿ. ಹಿಂದಿರುಗುವಾಗ ಇನ್ನೊಂದು ಸಲ ಬೇಕಾಗಬಹುದು.

ಖರ್ಚು ಹಂಚುವುದಕ್ಕೆ ಅಂದಾಜು ಬೇಡ, ನಿಜವಾದ ಲೆಕ್ಕವೇ ಸಿಗುತ್ತದೆ. ಹೊರಡುವ ದಿನ ಮೊದಲ ಕಟ್‌ವರೆಗೆ ತುಂಬಿಸಿ. ಆ ಬಿಲ್ಲು ನಿಮ್ಮದು, ಯಾಕೆಂದರೆ ಅದು ಹಿಂದೆ ಓಡಿಸಿದ್ದಕ್ಕೆ. ದಾರಿಯಲ್ಲಿ ಹಾಕಿಸಿದ್ದೆಲ್ಲ ಬರೆದಿಡಿ. ಊರಿಗೆ ಬಂದ ಕೂಡಲೇ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ದಾರಿಯ ಬಿಲ್ಲುಗಳು ಮತ್ತು ಈ ಕೊನೆಯ ಬಿಲ್ಲು ಸೇರಿದರೆ ಪ್ರವಾಸದ ಇಂಧನ ಖರ್ಚು. ಅದಕ್ಕೆ ಟೋಲ್, ಪಾರ್ಕಿಂಗ್ ಸೇರಿಸಿ ನಾಲ್ಕರಿಂದ ಭಾಗಿಸಿ.

ಕಾರು ಸವೆಯುವ ಖರ್ಚು ಇದರಲ್ಲಿ ಬಂದಿಲ್ಲ. ಕಾರಿನ ಮಾಲೀಕರು ಸಂಕೋಚಕ್ಕೆ ಅದನ್ನು ನುಂಗಿಕೊಳ್ಳುವುದೇ ಜಾಸ್ತಿ. ಪ್ರತಿ 10,000 ಕಿ.ಮೀ.ಗೆ ಸರ್ವೀಸ್ ಆಗುವ ಕಾರಿಗೆ 900 ಕಿ.ಮೀ. ಅಂದರೆ ಒಂದು ಸರ್ವೀಸ್ ಬಿಲ್ಲಿನ ಶೇಕಡಾ 9. ಟೈರು 40,000 ಕಿ.ಮೀ. ಬಾಳಿದರೆ ನಾಲ್ಕೂ ಟೈರಿನ ಬೆಲೆಯ ಶೇಕಡಾ 2.25. ಈ ಎರಡನ್ನೂ ಒಂದು ಚೀಟಿಯಲ್ಲಿ ಬರೆದು, ಕೂಡಿಸಿ, ಹೊರಡುವ ಮೊದಲೇ ಉಳಿದ ಮೂವರಿಗೆ ತೋರಿಸಿ. ಕೇಳುವುದೋ ಬಿಡುವುದೋ ನಿಮ್ಮಿಷ್ಟ, ಆದರೆ ಬಂದ ಮೇಲೆ ಈ ಮಾತು ಎತ್ತುವುದು ಕಷ್ಟ.